ಪಾರಿಜಾತದ ಚರಿತ್ರೆ, ಎರಡು ಪುಟ ಮೀರದಂತೆ

12 ಅಕ್ಟೋಬರ್ 2003, ಭಾನುವಾರ

ಕೊನೆಗೂ ಬಾಯಿ ಬಿಟ್ಟ ಮಹಾರಾಯ. ಡಿಸೆಂಬರ್ ಮೂವತ್ತೊಂದಕ್ಕೆ ಪಾರಿಜಾತ ಮುಚ್ಚುತ್ತಂತೆ. ನಂದಕುಮಾರ್ ತನ್ನ ಕ್ಯಾಬಿನ್ನಿಗೆ ಕರೆದು, ಕೂರಿಸಿ, ಜ್ಯೂಸ್ ತರಿಸಿ ಹೇಳಿದ. ಜ್ಯೂಸ್ ತರಿಸಿದಾಗಲೇ ನನಗೆ ಗೊತ್ತಾಯ್ತು, ಇವನು ನನ್ನ ತಲೆ ಮೇಲೆ ಕಲ್ಲು ಹಾಕ್ತಾನೆ ಅಂತ. ಜಯಮಂಗಳ ಸ್ಟೋರ್ಸ್ ಹಾಗೇ ಇರುತ್ತಂತೆ, ಮೂರನೇ ಮಹಡೀಲಿರೋ ನಮ್ಮ ರೆಸ್ಟೋರೆಂಟ್ ಮಾತ್ರ ಫುಡ್ ಕೋರ್ಟ್ ಆಗುತ್ತಂತೆ. ಅಂದ್ರೆ ಜನ ತಮ್ಮ ತಟ್ಟೆ ತಾವೇ ಹಿಡ್ಕೊಂಡು ಕ್ಯೂ ನಿಲ್ಲೋದು. ಅದಕ್ಕಿಂತ ಮದುವೆ ಮನೆ ಬಫೆ ವಾಸಿ.

"ಮೇಡಂ, ನೀವು ಮೊದಲ ದಿನದಿಂದ ಇದ್ದೀರಿ. ಲಾಸ್ಟ್ ಡೇ ಒಂದು ಸಣ್ಣ ಫಂಕ್ಷನ್ ಇಟ್ಕೊಳ್ಳೋಣ. ಪಾರಿಜಾತದ ಹಿಸ್ಟರಿ ಬರೆದು ನೀವೇ ಓದಿ. ಎರಡು ಪೇಜ್ ಮೀರೋದು ಬೇಡ," ಅಂದ.

ಹತ್ತೊಂಬತ್ತು ವರ್ಷಕ್ಕೆ ಎರಡು ಪೇಜು. ಆಗಲಿ ಅಂದೆ. ಈ ಅಂಗಡಿ ಕಟ್ಟಿದ ಅವನ ತಂದೆ ಜಯದೇವಪ್ಪನವರು ಬದುಕಿದ್ದಿದ್ರೆ ಹೀಗೆ ಕಾಲ ಮೇಲೆ ಕಾಲು ಹಾಕ್ಕೊಂಡು ನನ್ನ ಹತ್ರ ಮಾತಾಡ್ತಿದ್ನಾ? ಐವತ್ನಾಲ್ಕು ವರ್ಷದ ಒಂಟಿ ಹೆಂಗಸಿಗೆ ಇನ್ಯಾರು ಕೆಲಸ ಕೊಡ್ತಾರೆ ಅನ್ನೋದನ್ನ ನಾಳೆ ಯೋಚಿಸ್ತೀನಿ.

19 ಅಕ್ಟೋಬರ್, ಭಾನುವಾರ

ಬರೆಯೋಕೆ ಕೂತ್ರೆ ಎರಡು ಪೇಜು ಬರೀ ಮೇಜುಬಟ್ಟೆಗೇ ಸಾಲಲ್ಲ.

1984ರ ಯುಗಾದಿಗೆ ಶುರುವಾಯ್ತು. ಕೆಳಗೆ ಪಾತ್ರೆ, ಪುಸ್ತಕ, ಬೊಂಬೆ, ಮೊದಲನೇ ಮಹಡೀಲಿ ಬಟ್ಟೆ, ಎರಡನೇದ್ರಲ್ಲಿ ರೇಷ್ಮೆ ಸೀರೆ, ಮೂರನೇದ್ರಲ್ಲಿ ನಾವು. ಲಿಫ್ಟಲ್ಲಿ ಹತ್ತಿ ಇಳಿಯೋಕೆ ಅಂತಲೇ ಜಯನಗರದ ಮಕ್ಕಳೆಲ್ಲ ಬರ್ತಿದ್ವು. ಬಿಳೀ ಮೇಜುಬಟ್ಟೆ, ಬೆತ್ತದ ಕುರ್ಚಿ, ಕಮಲದ ಹಾಗೆ ಮಡಿಸಿದ ನ್ಯಾಪ್‌ಕಿನ್. ಟೀ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ. ಮೊದಮೊದಲು ಜನ, "ನಾವೇ ಬೆರೆಸ್ಕೊಳ್ಳೋದಾದ್ರೆ ಮನೇಲೇ ಕುಡೀಬಹುದಿತ್ತಲ್ಲ" ಅಂತ ಗೊಣಗಿದ್ರು. ಆರು ತಿಂಗಳಲ್ಲಿ ಅವರೇ ಮನೆಗೆ ನೆಂಟರು ಬಂದ್ರೆ ಇಲ್ಲಿಗೆ ಕರ್ಕೊಂಡು ಬಂದು, ಹೇಗೆ ಬೆರೆಸೋದು ಅಂತ ಅವರಿಗೆ ಪಾಠ ಮಾಡ್ತಿದ್ರು. ಮದುವೆ ಸೀರೆ ಬಣ್ಣಕ್ಕೆ ಎರಡನೇ ಮಹಡೀಲಿ ಜಗಳಕ್ಕೆ ನಿಂತ ಬೀಗರು ಮೂರನೇ ಮಹಡೀಲಿ ಟೊಮೇಟೊ ಸೂಪ್ ಕುಡಿದು ರಾಜಿ ಆಗ್ತಿದ್ರು. ಹೆಗಲ ಮೇಲಿನ ಟವೆಲ್ಲಲ್ಲಿ ಮೇಜು ಒರೆಸೋ ಮಾಣಿಗಳನ್ನ ತಿದ್ದಿ ತೀಡಿ ಮನುಷ್ಯರನ್ನಾಗಿ ಮಾಡಿದವಳು ನಾನು. ಇದನ್ನ ಬರೆದ್ರೆ ಜಂಬ ಅಂತಾರೆ. ಅನ್ನಲಿ.

ಮತ್ತೆ ನಮ್ಮ ಕೇಕು. ಮೊಟ್ಟೆ ಇರುತ್ತೆ ಅಂತ ಜನ್ಮದಲ್ಲಿ ಕೇಕ್ ಮುಟ್ಟದಿದ್ದ ಅಜ್ಜಿಯರು ಮೊಮ್ಮಗನ ಹುಟ್ಟಿದಹಬ್ಬಕ್ಕೆ ಮೊದಲ ಸಲ ಬಾಯಿಗೆ ಇಟ್ಟಿದ್ದು ಪಾರಿಜಾತದ್ದೇ. ಮೊಸರು, ಹಾಲಿನಪುಡಿ, ಇನ್ನೇನೇನೋ ಹಾಕಿ ಹತ್ತಿ ಥರ ಮೆತ್ತಗೆ ಮಾಡ್ತಿದ್ದ, ಪಿಳ್ಳಣ್ಣ ಅಂತ ಒಬ್ಬ. ಅವನ ವಿಷಯ ಮುಂದಿನ ವಾರ ಬರೀಬೇಕು.

2 ನವೆಂಬರ್, ಭಾನುವಾರ

ಇವತ್ತು ಮೊಟ್ಟೆ ಪ್ರಕರಣ ಬರೆದೆ. ಚೆನ್ನಾಗಿ ಬಂದಿದೆ, ನಾನೇ ಹೇಳ್ಕೋಬೇಕು.

1993ರ ಡಿಸೆಂಬರ್. ಕ್ರಿಸ್‌ಮಸ್ ಕೇಕಿಗೆ ಮುನ್ನೂರು ಆರ್ಡರ್ ಬಂದಿತ್ತು. ನಾನಾಗ ಸೂಪರ್‌ವೈಸರ್. ಬೆಳಗ್ಗೆ ಅಡುಗೆಮನೆ ನೋಡೋಕೆ ಹೋದ್ರೆ, ಓವನ್ ಪಕ್ಕದ ಕಸದ ಬುಟ್ಟೀಲಿ, ಪೇಪರಿನ ಅಡಿ, ಒಂದು ಹಿಡಿ ಮೊಟ್ಟೆ ಸಿಪ್ಪೆ! ನನ್ನ ಜನ್ಮದಲ್ಲಿ ಅಷ್ಟು ಹತ್ತಿರದಿಂದ ನಾನದನ್ನ ನೋಡಿದ್ದೇ ಮೊದಲು. ಪೇಪರ್ ಸಮೇತ ಎತ್ಕೊಂಡು, ಕೈ ಉದ್ದಕ್ಕೆ ಚಾಚಿಕೊಂಡು, ಸೀದಾ ಜಯದೇವಪ್ಪನವರ ಮೇಜಿನ ಮೇಲೆ ಇಟ್ಟೆ.

ಪಿಳ್ಳಣ್ಣನ್ನ ಕರೆಸಿದ್ರು. "ಕೇಕಿಗೆ ಹಾಕಿಲ್ಲ ಮೇಡಂ. ಎದೆ ಕಾಯಿಲೆ ಬಂದು ಎದ್ದೋನು ನಾನು. ದಿನಾ ಎರಡು ಮೊಟ್ಟೆ ತಿನ್ನು ಅಂದವ್ರೆ ಡಾಕ್ಟ್ರು. ಬೇಯ್ಸಿದ್ದು ತಂದು ತಿಂತೀನಿ, ಅಷ್ಟೇಯಾ," ಅಂದ.

"ಕಳ್ಳನಿಗೊಂದು ಪಿಳ್ಳೆ ನೆವ," ಅಂದೆ ನಾನು. ಬಾಗಿಲಲ್ಲಿ ನಿಂತಿದ್ದವರೆಲ್ಲ ಗೊಳ್ಳಂತ ನಕ್ಕರು. ಜಯದೇವಪ್ಪನವರಂಥ ಗಂಭೀರ ಮನುಷ್ಯರೂ ನಕ್ಕುಬಿಟ್ರು. ಅದಾದ ಮೇಲೆ ಅವನು ಬಾಯಿ ತೆಗೀಲಿಲ್ಲ.

ಅವತ್ತೇ ಕೆಲಸದಿಂದ ತೆಗೆದ್ರು. ಮಾಡಿಟ್ಟಿದ್ದ ಕೇಕೆಲ್ಲ ಎಸೆಸಿದ್ವಿ. ಪುರೋಹಿತರನ್ನ ಕರೆಸಿ ಅಡುಗೆಮನೇಲಿ ಪುಣ್ಯಾಹ ಮಾಡಿಸಿದ್ವಿ, ಓವನ್ನಿಗೂ ಅರಿಶಿನ ಕುಂಕುಮ ಹಚ್ಚಿದ್ರು. ಸುದ್ದಿ ಜಯನಗರ, ಬಸವನಗುಡಿ ಎಲ್ಲ ಹಬ್ಬಿತು. ವ್ಯಾಪಾರ ಬಿದ್ದು ಹೋಗುತ್ತೆ ಅಂತ ಹೆದರಿದ್ವಿ, ಇನ್ನೂ ಏರಿತು. ಕಾತ್ಯಾಯಿನಿ ಇರೋತನಕ ಪಾರಿಜಾತಕ್ಕೆ ಕಣ್ಣು ಮುಚ್ಕೊಂಡು ಹೋಗಬಹುದು ಅಂತ ಜನ ಅಂದ್ರು. ಸಂಕ್ರಾಂತಿ ಹೊತ್ತಿಗೆ ನನ್ನನ್ನ ಮ್ಯಾನೇಜರ್ ಮಾಡಿದ್ರು. ಆಮೇಲೆ ಕೇಕನ್ನ ಹೊರಗಿಂದ ತರಿಸೋಕೆ ಶುರು ಮಾಡಿದ್ವಿ. ಅದು ಮರದ ಪುಡಿ ತಿಂದ ಹಾಗಿರ್ತಿತ್ತು. ಆದ್ರೆ ಶುದ್ಧವಾಗಿತ್ತು.

9 ನವೆಂಬರ್, ಭಾನುವಾರ

ನಮ್ಮ ಮನೆ ಓನರ್ ಚಿಕ್ಕಬೈರಪ್ಪ, ನಾರಾಯಣಮ್ಮ. ಈ ಪದ್ಮನಾಭನಗರ ರಾಗಿ ಹೊಲ ಆಗಿದ್ದ ಕಾಲದಿಂದ ಇಲ್ಲಿರೋರು. ನಾನು ಅವರ ಹಿಂದಿನ ಪೋರ್ಷನ್ನಲ್ಲಿದ್ದೀನಿ. ಬೆಳಗ್ಗೆ ತುಳಸಿಗೆ ನೀರು ಹಾಕ್ತಿದ್ದಾಗ ನಾರಾಯಣಮ್ಮ ಗುಲಾಬಿ ಗಿಡದ ಬುಡಕ್ಕೆ ಏನೋ ಸುರೀತಿದ್ರು. ಏನು ಅಂತ ಕೇಳಿದೆ.

"ಮೊಟ್ಟೆ ಸಿಪ್ಪೆ ಅಮ್ಮಾವ್ರೆ. ನಮ್ಮ ಮಧುಶ್ರೀ ಬಾಣಂತನಕ್ಕೆ ಬಂದವ್ಳಲ್ಲ, ದಿನಾ ಎರಡು ಬೇಯ್ಸಿ ಕೊಡ್ತೀನಿ. ಗುಲಾಬಿಗೆ ಒಳ್ಳೇದು. ನಿಮ್ಮ ತುಳಸಿ ಕಡೆ ಬರಾಕಿಲ್ಲ, ಹೆದರ್ಬೇಡಿ."

ನಾನು ನೋಡ್ತಾ ನಿಂತೆ. ಉಗುರಿನಷ್ಟಗಲದ ಚೂರುಗಳು, ತೆಳ್ಳಗಿನ ಪೊರೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ವು. ಬುಟ್ಟೀಲಿ ನೋಡಿದ್ದು ಹೀಗೇ ಇತ್ತು. ಥೇಟ್ ಹೀಗೇ.

"ಎಲ್ಲಾ ಮೊಟ್ಟೆ ಸಿಪ್ಪೇನೂ ಹೀಗೇ ಇರುತ್ತಾ?"

ನಾರಾಯಣಮ್ಮ ನಕ್ಕುಬಿಟ್ರು. "ನಿಮಗೆಲ್ಲಿ ಗೊತ್ತಾಗ್ಬೇಕು ಬಿಡಿ! ಬೇಯ್ಸಿದ್ದು ಸುಲಿದ್ರೆ ಹಿಂಗೆ ಚೂರಾಗ್ತದೆ. ಹಸೀದು ಒಡೆದ್ರೆ ಎರಡು ಹೋಳು, ಬಟ್ಟಲು ಇದ್ದಂಗೆ. ಒಳಗೆ ಲೋಳೆ ಅಂಟಿರ್ತದೆ. ಮೊಟ್ಟೆ ತಿನ್ನೋ ಮನೇಲಿ ಸಣ್ಣ ಮಗೂಗೂ ಗೊತ್ತು."

ಕೇಕಿಗೆ ಬೇಯಿಸಿದ ಮೊಟ್ಟೆ ಹಾಕಲ್ಲ ಅಂತ ನನಗೂ ಗೊತ್ತು.

10 ನವೆಂಬರ್

ಇವತ್ತು ಏನೂ ಬರೆಯೋದಿಲ್ಲ.

13 ನವೆಂಬರ್, ಗುರುವಾರ

ನಾರಾಯಣಮ್ಮ ಹೇಳಿದ್ದು ತಪ್ಪಿರಬಹುದು ಅಂತ ಮೂರು ದಿನ ನನಗೆ ನಾನೇ ಹೇಳ್ಕೊಂಡೆ. ಇವತ್ತು ನಾಚಿಕೆ ಬಿಟ್ಟು ಅವರ ಅಡುಗೆಮನೆ ಬಾಗಿಲಲ್ಲಿ ನಿಂತು, "ಒಂದು ಹಸಿ ಮೊಟ್ಟೆ ಒಡೆದು ತೋರಿಸಿ" ಅಂದೆ. ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿರಬೇಕು ಪಾಪ. ಪಾತ್ರೆ ಅಂಚಿಗೆ ಕುಟ್ಟಿದ್ರು. ಎರಡು ಹೋಳು. ಕೈ ಮೇಲೆ ಇಡ್ತೀನಿ ಅಂದ್ರು, ನಾನು ಹಿಂದಕ್ಕೆ ಸರಿದೆ.

ಇನ್ನೊಂದು. ಮುನ್ನೂರು ಕೇಕಿಗೆ ಮೊಟ್ಟೆ ಹಾಕಿದ್ರೆ ಮೂಟೆಗಟ್ಟಲೆ ಸಿಪ್ಪೆ ಸಿಗಬೇಕಿತ್ತು. ಸಿಕ್ಕಿದ್ದು ಒಂದು ಹಿಡಿ. ಅಷ್ಟು ಸಣ್ಣ ಲೆಕ್ಕ ನಮ್ಮ ಯಾರ ತಲೆಗೂ ಹೋಗಲಿಲ್ವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳ್ತಿದ್ಲು. ಹಾಳಾದ ಗಾದೆ ಬೇಕಾದಾಗ ನೆನಪಾಗಲ್ಲ, ಬೇಡದಾಗ ನಾಲಿಗೆ ತುದೀಲಿರುತ್ತೆ.

20 ನವೆಂಬರ್, ಗುರುವಾರ

ಸಿದ್ದಾರೂಢನ್ನ ಕೇಳಿದೆ. ಗದಗದ ಕಡೆಯವನು, ಬಿಟಿಎಂನಲ್ಲಿ ಮನೆ, ಹದಿಮೂರು ವರ್ಷದಿಂದ ನಮ್ಮಲ್ಲಿ ಬಡಿಸ್ತಾನೆ. ಪಿಳ್ಳಣ್ಣನ ಕಾಲದಲ್ಲೂ ಇದ್ದ.

"ಪಿಳ್ಳಣ್ಣ ತಿಂತಿದ್ದಿದ್ದು ಬೇಯಿಸಿದ ಮೊಟ್ಟೆನಾ?"

ತಟ್ಟೆ ಒರೆಸ್ತಿದ್ದವನು ತಲೆ ಎತ್ತಲಿಲ್ಲ. "ಹೌದ್ರೀ ಮೇಡಂ. ಬಸ್ ಸ್ಟ್ಯಾಂಡಿನ ಗಾಡ್ಯಾಗಿಂದ ತರತಿದ್ರು. ನಾವೆಲ್ಲಾ ನೋಡೇವಿ."

"ಮತ್ತೆ ಅವತ್ತು ಯಾಕಯ್ಯಾ ಒಬ್ಬರೂ ಬಾಯಿ ಬಿಡಲಿಲ್ಲ?"

"ನೀವು ಗಾದಿಮಾತು ಹೇಳಿದ್ರಿ, ಎಲ್ಲಾರೂ ನಕ್ಕರು. ಆಮ್ಯಾಲ ಯಾರು ಬಾಯಿ ಬಿಡತಾರ್ರೀ? ನಮ್ಮ ಹೊಟ್ಟಿಪಾಡು ನೋಡಬೇಕಿತ್ತು."

ಎಲ್ಲಾ ಹೇಳಿದ. ಈ ಕಡೆಯ ಯಾವ ಸಸ್ಯಾಹಾರಿ ಬೇಕರೀಲೂ ಆಮೇಲೆ ಅವರನ್ನ ಸೇರಿಸಿಕೊಳ್ಳಲಿಲ್ಲವಂತೆ, ಹೆಸರು ಕೇಳಿದ ಕೂಡಲೇ ಮೊಟ್ಟೆ ಪಿಳ್ಳಣ್ಣನಾ ಅಂತಿದ್ರಂತೆ. ಈಗ ಬೊಮ್ಮನಹಳ್ಳೀಲಿ ಗಾರ್ಮೆಂಟ್ಸ್‌ನವರಿಗೆ ಬನ್ ಸುಡೋ ಕೆಲಸ. ಮನೆ ಚಿಕ್ಕಲಸಂದ್ರ.

"ಹೆಂಡತಿ ಸೈತ ನಂಬಲಿಲ್ರೀ," ಅಂದ. "ಆಕಿ ಭಾಳ ದೇವರು ದಿಂಡರು ಅನ್ನಾಕಿ, ಮನ್ಯಾಗ ಮೊಟ್ಟಿ ತರಂಗಿಲ್ಲ. ಹಂಗಂತ ಇವರು ಆಕಿಗೆ ಕಾಣದಂಗ ಹೊರಗ ತಿಂತಿದ್ರು. 'ಕಾತ್ಯಾಯಿನಿ ಮೇಡಂ ಸುಳ್ಳು ಹೇಳತಾರೇನು, ಪುಣ್ಯಾಹ ಸುಮ್ನ ಮಾಡಸ್ತಾರೇನು, ವ್ರತ ಇರೋರ ಬಾಯಿಗೆ ಮೊಟ್ಟಿ ಹಾಕಿದ ಪಾಪ ನಮ್ಮ ಮನಿಗೆ ಬಂತು' ಅಂತ ಶನಿವಾರ ಶನಿವಾರ ಉಪವಾಸ ಹಿಡದಾಳ. ಇನ್ನೂ ಬಿಟ್ಟಿಲ್ಲ. ಈಗ ಆರಾಮಿಲ್ಲಂತ, ಹಾಸಿಗಿ ಹಿಡದಾಳಂತ."

ವಿಳಾಸ ಬರೆಸ್ಕೊಂಡೆ. ಹೋಗಿ ಹೇಳಬೇಕು. ಅವರ ಹೆಂಡತಿಗಂತೂ ನಾನೇ ಹೇಳಬೇಕು, ಬೇರೆ ಯಾರು ಹೇಳಿದ್ರೂ ಆಕೆ ನಂಬಲ್ಲ.

30 ನವೆಂಬರ್, ಭಾನುವಾರ

ಪದ್ಮನಾಭನಗರದಿಂದ ಚಿಕ್ಕಲಸಂದ್ರ ಎಷ್ಟು ದೂರ? ಹತ್ತು ವರ್ಷದಿಂದ ಆ ಮನುಷ್ಯ ಇಷ್ಟು ಹತ್ತಿರದಲ್ಲೇ ಇದ್ದಾನೆ. ಕಾಯಿಲೆಯವರಿಗೆ ಅಂತ ಒಂದು ಡಜನ್ ಮೂಸಂಬಿ ತಗೊಂಡು ನಡೆದೇ ಹೊರಟೆ. ಅರ್ಧ ದಾರೀಲಿ ಕಾಲು ನಿಂತುಬಿಟ್ಟಿತು. ಬಾಗಿಲಲ್ಲಿ ನಿಂತು ಏನಂತ ಶುರು ಮಾಡೋದು? "ನಾನು ಮೊಟ್ಟೆ ನೋಡಿರಲಿಲ್ಲ, ಅದಕ್ಕೆ ನಿಮ್ಮ ಜೀವನ ಹಾಳು ಮಾಡಿದೆ" ಅಂತಲಾ? ವಾಪಸ್ ಬಂದೆ. ಮೂಸಂಬಿ ನಾನೇ ತಿಂತಿದ್ದೀನಿ.

ಆದ್ರೆ ಬರ್ತಾ ಒಂದು ಒಳ್ಳೇ ಯೋಚನೆ ಬಂತು. ಎಲ್ಲರ ಎದುರಿಗೆ ಕಳೆದ ಮಾನ ಎಲ್ಲರ ಎದುರಿಗೇ ವಾಪಸ್ ಕೊಡಬೇಕು. ಮೂವತ್ತೊಂದನೇ ತಾರೀಖು ಹಳೇ ಗಿರಾಕಿಗಳೆಲ್ಲ ಬರ್ತಾರೆ. ಪಿಳ್ಳಣ್ಣನನ್ನ, ಅವರ ಹೆಂಡತೀನ ಕರೆಸಿ, ಮುಂದಿನ ಟೇಬಲ್ಲಲ್ಲಿ ಕೂರಿಸಿ, ಇಡೀ ಜಯನಗರದ ಎದುರಿಗೆ ಓದ್ತೀನಿ. ಆಗ ಆಕೆ ನಂಬದೆ ಏನು ಮಾಡ್ತಾರೆ? ಬಾಗಿಲಲ್ಲಿ ಪಿಸುಗುಟ್ಟಿ ಬರೋದಕ್ಕಿಂತ ಇದು ಎಷ್ಟೋ ಮೇಲು. ಒಂದು ತಿಂಗಳು ತಾನೆ, ಅಷ್ಟರಲ್ಲಿ ಆಕೆಯೂ ಹಾಸಿಗೆ ಬಿಟ್ಟು ಎದ್ದಿರ್ತಾರೆ.

7 ಡಿಸೆಂಬರ್, ಭಾನುವಾರ

ಈ ವಾರ ಮೊಟ್ಟೆ ಪ್ರಕರಣ ಪೂರ್ತಿ ಹೊಸದಾಗಿ ಬರೆದೆ. ನಾಲ್ಕು ಸಲ ತಿದ್ದಿದೆ. "ಪಾರಿಜಾತದ ಕೀರ್ತಿ ಎರಡು ಕೈಗಳಿಂದ ಬಂತು, ಆ ಕೈಗಳನ್ನು ನಾನು ಕಡಿದೆ" ಅನ್ನೋ ವಾಕ್ಯವನ್ನ ಕನ್ನಡಿ ಮುಂದೆ ನಿಂತು ಎರಡು ಸಲ ಜೋರಾಗಿ ಓದಿದೆ.

ನಿನ್ನೆ ನಂದಕುಮಾರನಿಗೆ ತೋರಿಸಿದ್ದೆ. "ಮೇಡಂ, ಮೊಟ್ಟೆ ಗಿಟ್ಟೆ ಎಲ್ಲ ಈಗ ಯಾಕೆ? ಯಾರಿಗೂ ನೆನಪೂ ಇಲ್ಲ. ನಮ್ಮ ತಂದೆ ಹೆಸರು ಬೇರೆ ಬರುತ್ತೆ," ಅಂದ.

"ಓದಿದ್ರೆ ಪೂರ್ತಿ ಓದ್ತೀನಿ. ಇಲ್ಲಾಂದ್ರೆ ನಿಮ್ಮ ಹಿಸ್ಟರಿ ನೀವೇ ಓದ್ಕೊಳ್ಳಿ," ಅಂದೆ. ಅವನು ಪೇಪರ್ ವಾಪಸ್ ಕೊಟ್ಟ. ಇವನ ಹತ್ರ ಹೀಗೆ ಮಾತಾಡಿದ್ದು ಇದೇ ಮೊದಲು. ಕೆಲಸ ಹೋಗೋಳಿಗೆ ಇನ್ನೇನು ಭಯ.

12 ಡಿಸೆಂಬರ್, ಶುಕ್ರವಾರ

ಫಂಕ್ಷನ್ನಿಗೆ ಸೀರೆ ಆರಿಸಿದೆ. ಎರಡನೇ ಮಹಡೀಲಿ ಒಂದು ಗಂಟೆ ಹಿಡೀತು. ತಪ್ಪೊಪ್ಪಿಗೆಗೆ ಜರಿ ಜಾಸ್ತಿ ಇರಬಾರದು ಅನ್ನಿಸಿ ಬೂದು ಬಣ್ಣದ್ದು ತಗೊಂಡೆ. ಊಟದ ಪಟ್ಟಿ ಇನ್ನೂ ಆಗಿಲ್ಲ.

20 ಡಿಸೆಂಬರ್, ಶನಿವಾರ

ಕೊನೆ ವಾರ ಅಂತ ಜನ ಮುಗಿಬೀಳ್ತಿದ್ದಾರೆ. ಹತ್ತು ವರ್ಷ ಈ ಕಡೆ ತಲೆ ಹಾಕದವರು ಬಂದು, "ಅಯ್ಯೋ ಮುಚ್ತೀರಾ?" ಅಂತ ಕಣ್ಣಲ್ಲಿ ನೀರು ಹಾಕ್ತಾರೆ. ನೀವು ಬಂದಿದ್ರೆ ಯಾಕೆ ಮುಚ್ತಿದ್ವಿ ಅಂತ ಕೇಳೋಣ ಅನ್ನಿಸುತ್ತೆ.

ಪಿಳ್ಳಣ್ಣನವರಿಗೆ ಆಮಂತ್ರಣ ಪೋಸ್ಟ್ ಮಾಡಿದೆ. ಜೊತೆಗೆ ನನ್ನ ಕೈಬರಹದಲ್ಲಿ, "ದಂಪತಿಗಳಿಬ್ಬರೂ ತಪ್ಪದೆ ಬರಬೇಕು, ನಿಮ್ಮ ಬಗ್ಗೆ ಒಂದು ಮುಖ್ಯವಾದ ಮಾತು ಹೇಳೋದಿದೆ" ಅಂತ ಎರಡು ಸಾಲು. ಏನು ಮಾತು ಅಂತ ಬರೀಲಿಲ್ಲ. ಅಲ್ಲೇ ಕೇಳಲಿ.

1 ಜನವರಿ 2004, ಗುರುವಾರ

ಮುಗೀತು. ನಿನ್ನೆ ಓದಿದೆ.

ನೂರೈವತ್ತು ಜನ ಇದ್ರು. ಮೇಜುಬಟ್ಟೆಗಳಿಗೆಲ್ಲ ಹೊಸದಾಗಿ ಗಂಜಿ ಹಾಕಿಸಿದ್ದೆ. ಮುಂದಿನ ಟೇಬಲ್ ಒಂದು ಗಂಟೆ ಖಾಲಿ ಇಟ್ಟೆ. ನಂದಕುಮಾರ್ ಮೂರು ಸಲ ಗಡಿಯಾರ ನೋಡಿದ ಮೇಲೆ ಇನ್ನು ಆಗಲ್ಲ ಅಂತ ಶುರು ಮಾಡಿದೆ. ಅಷ್ಟು ಗೌರವದಿಂದ ಕರೆದರೂ ಬರಲಿಲ್ವಲ್ಲ ಅಂತ ಸ್ವಲ್ಪ ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಲಿಫ್ಟು, ಸೂಪು, ನ್ಯಾಪ್‌ಕಿನ್ನಿಗೆ ಎಲ್ಲರೂ ನಕ್ಕರು. ಆಮೇಲೆ ಮೊಟ್ಟೆ ವಿಷಯಕ್ಕೆ ಬಂದೆ. ಪಿಳ್ಳಣ್ಣನವರು ತಪ್ಪು ಮಾಡಿರಲಿಲ್ಲ, ತಪ್ಪು ಮಾಡಿದವಳು ನಾನು, ಗಾದೆ ಹೇಳಿ ಅವರ ಬಾಯಿ ಮುಚ್ಚಿಸಿದವಳೂ ನಾನೇ ಅಂತ ಪೂರ್ತಿ ಓದಿದೆ.

ಕಿಟಕಿ ಪಕ್ಕದ ಟೇಬಲ್ಲಿಂದ ಮೂರನೇ ಬ್ಲಾಕಿನ ಹಳೇ ಹೆಡ್‌ಮಿಸ್ಟ್ರೆಸ್ ಎದ್ದು ನಿಂತ್ರು. "ಹಾಗಾದ್ರೆ ಕಾತ್ಯಾಯಿನಿ, ಅವನ ಕಾಲದಲ್ಲಿ ನಾವು ತಿಂದ ಕೇಕಲ್ಲಿ ಮೊಟ್ಟೆ ಇರ್ಲಿಲ್ಲ ತಾನೆ?"

"ಇರ್ಲಿಲ್ಲ."

"ಸದ್ಯ!" ಅಂತ ಎದೆ ಮೇಲೆ ಕೈ ಇಟ್ಕೊಂಡು ಕೂತ್ರು. ಇಡೀ ಹಾಲ್ ನಕ್ಕು ಚಪ್ಪಾಳೆ ಹೊಡೀತು. ಐಸ್‌ಕ್ರೀಮ್ ಬಂತು. ಪಿಳ್ಳಣ್ಣನವರು ಈಗೆಲ್ಲಿದ್ದಾರೆ, ಹೇಗಿದ್ದಾರೆ ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ನನಗೆ ಕೋಪ ಬಂತು. ಆಮೇಲೆ, ನೀನು ಹತ್ತು ವರ್ಷದಲ್ಲಿ ಒಂದು ಸಲನಾದ್ರೂ ಕೇಳಿದ್ಯಾ ಅಂತ ಅನ್ನಿಸಿ ಸುಮ್ಮನಾದೆ.

ಏನೇ ಆಗಲಿ, ಹೇಳಿದ್ದಾಯ್ತು. ಭಾನುವಾರ ಅವರ ಮನೆಗೆ ಹೋಗಿ ಹೆಂಡತಿಗೂ ಓದಿ ಹೇಳ್ತೀನಿ. ಈ ಸಲ ಹಿಂದೆ ಬರಲ್ಲ.

4 ಜನವರಿ, ಭಾನುವಾರ

ಹೋಗಿ ಬಂದೆ.

ಪಿಳ್ಳಣ್ಣನವರೇ ಬಾಗಿಲು ತೆಗೆದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಗುರುತು ತಕ್ಷಣ ಸಿಕ್ಕಿತು. "ಬನ್ನಿ ಮೇಡಂ" ಅಂತ ಕುರ್ಚಿ ತಂದು ಜಗುಲಿ ಮೇಲೆ ಹಾಕಿ, ಟವೆಲ್ಲಲ್ಲಿ ಒರೆಸಿ, ತಾವು ಮೆಟ್ಟಿಲ ಮೇಲೆ ಕೂತರು. ಬೇಡ, ನೀವೂ ಮೇಲೆ ಬನ್ನಿ ಅಂದ್ರೆ ಕೇಳಲಿಲ್ಲ.

ಹೇಳಿದೆ. ಬರೆದದ್ದು ಒಂದೂ ನೆನಪಾಗಲಿಲ್ಲ, ಬಾಯಿಗೆ ಬಂದ ಹಾಗೆ ಹೇಳಿದೆ. ಸಿಪ್ಪೆ ನೋಡಿ ನನಗೆ ಗೊತ್ತಾಗಲಿಲ್ಲ, ತಪ್ಪಾಯ್ತು, ಎಲ್ಲರ ಎದುರಿಗೂ ಒಪ್ಪಿಕೊಂಡೆ ಅಂದೆ. ಅವರು ತಲೆಯಾಡಿಸಿದರು. "ನನಗೆ ಗೊತ್ತಿದ್ದದ್ದೇ ಅಲ್ವಾ ಮೇಡಂ ಅದು," ಅಂದರು.

"ನಿಮ್ಮ ಮನೆಯವರಿಗೆ ನಾನೇ ಹೇಳಬೇಕು. ಏಳೋಕಾಗದಿದ್ರೆ ಒಳಗೇ ಬರ್ತೀನಿ."

"ಅವಳು ಹೋದ್ಲು ಮೇಡಂ. ಡಿಸೆಂಬರ್ ಹದಿನಾಲ್ಕು. ಹನ್ನೊಂದನೇ ದಿನದ ಕಾರ್ಯ ನಡೀತಿರಬೇಕಾದ್ರೆ ನಿಮ್ಮ ಕಾಗದ ಬಂತು."

ರಸ್ತೆ ಕಡೆ ನೋಡ್ಕೊಂಡು ಅವರೇ ಮುಂದುವರಿಸಿದರು.

"ಎರಡು ದಿನ ಮುಂಚೆ ಕೈ ಹಿಡ್ಕೊಂಡು ಕೇಳಿದ್ಲು. 'ಈಗಲಾದ್ರೂ ನಿಜ ಹೇಳಿ, ಹಾಕಿದ್ರಿ ತಾನೆ?' ಅಂತ. ಹತ್ತು ವರ್ಷದಿಂದ ಇಲ್ಲ ಇಲ್ಲ ಅಂತಲೇ ಅಂದಿದ್ದೆ. ಅವತ್ತು, ಹೂಂ, ಹಾಕಿದ್ದೆ ಅಂದ್ಬಿಟ್ಟೆ."

"ಯಾಕೆ ಪಿಳ್ಳಣ್ಣನವರೇ? ಯಾಕೆ ಹಾಗಂದ್ರಿ?"

"ಇನ್ನೇನನ್ಲಿ ಮೇಡಂ? ಹತ್ತು ವರ್ಷ ಶನಿವಾರ ಶನಿವಾರ ಹಸ್ಕೊಂಡು ಕೂತಿದ್ಲು, ನನ್ನ ಪಾಪ ಹೋಗ್ಲಿ ಅಂತ. ಹಾಕಿಲ್ಲ ಅಂದ್ರೆ ಅವಳು ಹಸ್ಕೊಂಡಿದ್ದೆಲ್ಲಾ ದಂಡ ಆಗ್ತಿತ್ತಲ್ಲ. ಹಾಕಿದ್ದೆ, ನಿನ್ನ ಉಪವಾಸದಿಂದ ತೊಳೆದುಹೋಯ್ತು ಬಿಡು ಅಂದೆ. ಈಗ ನಿಜ ಹೇಳಿದ್ರಲ್ಲ ಅಂದ್ಲು. ಸಮಾಧಾನವಾಗಿ ಹೋದ್ಲು."

ನಾನು ಅತ್ತೆ. ಅವರು ಅಳಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟರು, ಕುಡಿದೆ. ಬೈತಾರೆ ಅಂತ ಕಾದೆ, ಬೈಯಲಿಲ್ಲ. "ಮನಸ್ಸಿಗೆ ಹಚ್ಕೋಬೇಡಿ ಮೇಡಂ, ಗೊತ್ತಿಲ್ಲದೆ ಆಗಿದ್ದು," ಅಂದರು. ಆಮೇಲೆ ಸುಮ್ಮನೆ ಕೇಳೋ ಹಾಗೆ ಕೇಳಿದರು.

"ನಿಮಗೆ ಗೊತ್ತಾಗಿದ್ದು ಯಾವಾಗ ಮೇಡಂ?"

ಮೊನ್ನೆ ಅನ್ನಬಹುದಿತ್ತು. ಅವರಿಗೆ ತಿಳಿಯೋ ದಾರಿ ಇರಲಿಲ್ಲ.

"ನವೆಂಬರ್ ಒಂಬತ್ತಕ್ಕೆ," ಅಂದೆ. "ವಿಳಾಸ ಇಪ್ಪತ್ತಕ್ಕೇ ಸಿಕ್ಕಿತ್ತು."

ಪಿಳ್ಳಣ್ಣನವರು ನನ್ನನ್ನೇ ನೋಡಿದರು. ಆಮೇಲೆ ಎದ್ದು, ನನ್ನ ಕೈಯಿಂದ ಖಾಲಿ ಲೋಟ ತಗೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸದ್ದಾಗದ ಹಾಗೆ ಹಾಕಿದರು. ಮತ್ತೆ ತೆಗೀತಾರೇನೋ ಅಂತ ನಾನು ಅದೇ ಕುರ್ಚೀಲಿ ಮಧ್ಯಾಹ್ನದ ತನಕ ಕೂತಿದ್ದೆ.